ಮತದ ಲೆಕ್ಕ, ದರದ ಲೆಕ್ಕ: ಅರಭಾವಿ ಸೀಮೆಯ ಕಬ್ಬು ಬೆಳೆಗಾರರು ಮತ್ತು ರಾಜಕೀಯ ಪಕ್ಷಗಳು, 1980–2025

2025ರ ಅಕ್ಟೋಬರ್ ಕೊನೆಗೆ ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಧರಣಿ ಕುಳಿತರು. ಟನ್ನಿಗೆ 3,500 ರೂಪಾಯಿ ಕೊಡಬೇಕೆಂಬುದು ಬೇಡಿಕೆ. ಮುಂದೆ ನಿಂತವರು ಚೂನಪ್ಪ ಪೂಜಾರಿ, ಶಶಿಕಾಂತ ಗುರೂಜಿ ಮೊದಲಾದ ರೈತ ಮುಖಂಡರು. ಯಾವ ಪಕ್ಷದ ಶಾಸಕರೂ ಅಲ್ಲ. ಈ ಊರು ಸೇರಿರುವ ಅರಭಾವಿ ವಿಧಾನಸಭಾ ಕ್ಷೇತ್ರ 2004ರಿಂದ ಬಾಲಚಂದ್ರ ಜಾರಕಿಹೊಳಿ ಅವರನ್ನು ಬಿಡದೆ ಗೆಲ್ಲಿಸುತ್ತ ಬಂದಿದೆ. ಮತ ಹಾಕುವುದರಲ್ಲಿ ಬೇಸರ ಕಾಣದ ಜನ, ಬೆಳೆಗೆ ಬೆಲೆ ಕೇಳುವಾಗ ಮಾತ್ರ ಪಕ್ಷವನ್ನು ನಂಬದೆ ರಸ್ತೆಯನ್ನು ನಂಬುತ್ತಾರೆ. ಈ ಎರಡು ಲೆಕ್ಕ ಬೇರೆ ಬೇರೆಯಾದದ್ದು ಯಾವಾಗ, ಹೇಗೆ ಎಂಬುದೇ ಈ ಲೇಖನದ ವಿಷಯ.

ಪಕ್ಷಗಳ ಮೇಲಿನ ಭ್ರಮನಿರಸನದ ಮಾತು ಬಂದಾಗ ವಿದ್ವಾಂಸರು ಬ್ರಿಟನ್ನಿನ ಕಾರ್ಮಿಕರನ್ನು ಉದಾಹರಿಸುವುದುಂಟು. ಅಲ್ಲಿ 1951ರಲ್ಲಿ ನೂರಕ್ಕೆ 96ಕ್ಕೂ ಹೆಚ್ಚು ಮತಗಳು ಎರಡೇ ಪಕ್ಷಗಳಿಗೆ ಬಿದ್ದಿದ್ದವು. 2024ರಲ್ಲಿ ಅದು 60ಕ್ಕಿಂತ ಕೆಳಗಿಳಿಯಿತು. 2001ರಲ್ಲಿ ಮತದಾನವೇ ಶೇ. 59ಕ್ಕೆ ಕುಸಿದಿತ್ತು. ಅಲ್ಲಿನ ದುಡಿಯುವ ಜನ ತಮ್ಮ ಸಂಘಗಳಿಂದಲೇ 1900ರಲ್ಲಿ ಲೇಬರ್ ಪಕ್ಷಕ್ಕೆ ಬುನಾದಿ ಹಾಕಿದ್ದರು. ಆದ್ದರಿಂದ ಅವರ ನಿರಾಶೆ ತಾವೇ ಕಟ್ಟಿದ ಪಕ್ಷವನ್ನು ಬಿಟ್ಟು ಹೊರಡುವ ರೂಪ ಪಡೆಯಿತು. ಅರಭಾವಿ ಸೀಮೆಯ ಘಟಪ್ರಭಾ ದಂಡೆಯಲ್ಲಿಯೂ ಕಾರ್ಮಿಕರಿದ್ದರು, ಗೋಕಾಕ ಫಾಲ್ಸ್‌ನ ನೂಲಿನ ಗಿರಣಿ 1885ರಷ್ಟು ಹಳೆಯದು. ಆದರೆ ಈ ಸೀಮೆಯ ರಾಜಕೀಯಕ್ಕೆ ರೂಪ ಕೊಟ್ಟದ್ದು ಗಿರಣಿಗಿಂತ ಹೆಚ್ಚಾಗಿ ಕಾಲುವೆ ಮತ್ತು ಕಬ್ಬು.

ಮೊದಲ ಬಿರುಕು ಕಂಡದ್ದು ಪಕ್ಕದ ಮಲಪ್ರಭಾ ಅಚ್ಚುಕಟ್ಟಿನಲ್ಲಿ. ನೀರಾವರಿಯ ಅಭಿವೃದ್ಧಿ ಕರದ ವಿರುದ್ಧ ಎದ್ದ ರೈತರ ಮೇಲೆ 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ನಡೆಯಿತು. ಆ ವರ್ಷವೇ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಸೋತು, ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಅಲ್ಲಿಯವರೆಗೆ ಮತ ಮತ್ತು ಹೋರಾಟ ಒಂದೇ ದಾರಿಯಲ್ಲಿದ್ದವು: ಸರ್ಕಾರ ಗುಂಡು ಹಾರಿಸಿತು, ಜನ ಸರ್ಕಾರವನ್ನು ಇಳಿಸಿದರು.

ರೈತ ಸಂಘದ ಹಸಿರು ಶಾಲು ತಾನೇ ವಿಧಾನಸೌಧಕ್ಕೆ ಹೋಗುವ ಪ್ರಯತ್ನವೂ ಆಯಿತು. 1989ರಲ್ಲಿ ಬಾಬಾಗೌಡ ಪಾಟೀಲರು ರೈತ ಸಂಘದಿಂದ ಶಾಸಕರಾದರು. ಆಳುವ ಪಕ್ಷಗಳನ್ನು ಹೊರಗಿನಿಂದ ಎದುರಿಸಿದ ಅದೇ ಬಾಬಾಗೌಡರು 1998ರಲ್ಲಿ ಬಿಜೆಪಿ ಅಭ್ಯರ್ಥಿಯಾಗಿ ಬೆಳಗಾವಿಯಿಂದ ಲೋಕಸಭೆಗೆ ಗೆದ್ದು ವಾಜಪೇಯಿ ಸರ್ಕಾರದಲ್ಲಿ ಮಂತ್ರಿಯಾದರು. ಅರಭಾವಿ, ಗೋಕಾಕ ಈ ಲೋಕಸಭಾ ಕ್ಷೇತ್ರದೊಳಗೇ ಇವೆ. ರೈತ ಚಳವಳಿಯ ಮೇಲೆ ಭರವಸೆಯಿಟ್ಟವರಿಗೆ ಇದು ಸಣ್ಣ ಪೆಟ್ಟಲ್ಲ. ವಿಧಾನಸಭೆಗೆ ಹೋದ ಹೋರಾಟ ಕೊನೆಗೆ ದೊಡ್ಡ ಪಕ್ಷದೊಳಗೇ ಸೇರುತ್ತದೆ ಎಂಬ ಅನುಮಾನ ಗಟ್ಟಿಯಾಗಲು ಇದೊಂದೇ ಉದಾಹರಣೆ ಸಾಕಿತ್ತು. ಅದಕ್ಕೆ ಎರಡೇ ವರ್ಷ ಹಿಂದೆ, 1996ರಲ್ಲಿ, ಇದೇ ಕ್ಷೇತ್ರದಲ್ಲಿ 456 ಜನ ಕಣದಲ್ಲಿದ್ದರು. ಅದರ ಹಿಂದೆ ಇದ್ದದ್ದು ಗಡಿ ವಿವಾದ, ಕಬ್ಬಲ್ಲ. ಆದರೂ ಮತಪತ್ರವನ್ನೇ ಪ್ರತಿಭಟನೆಯ ಪತ್ರವಾಗಿಸಬಹುದೆಂದು ಜಿಲ್ಲೆ ಕಂಡಿತು. ಅದೇ ವರ್ಷ ಠೇವಣಿ 500ರಿಂದ 10,000 ರೂಪಾಯಿಗೆ ಏರಿ ಆ ದಾರಿ ಮುಚ್ಚಿತು.

2008 ಇನ್ನೊಂದು ಘಟ್ಟ. ಮೇ ತಿಂಗಳಲ್ಲಿ ಜೆಡಿಎಸ್‌ನಿಂದ ಗೆದ್ದ ಅರಭಾವಿಯ ಬಾಲಚಂದ್ರ ಜಾರಕಿಹೊಳಿ, ಹುಕ್ಕೇರಿಯ ಉಮೇಶ ಕತ್ತಿ ಇಬ್ಬರೂ ರಾಜೀನಾಮೆ ಕೊಟ್ಟು, ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಮತ್ತೆ ಗೆದ್ದರು. 2019ರಲ್ಲಿ ಗೋಕಾಕದಲ್ಲಿ ರಮೇಶ ಜಾರಕಿಹೊಳಿ ಬಿಜೆಪಿಯಿಂದ, ತಮ್ಮ ಲಖನ್ ಕಾಂಗ್ರೆಸ್ಸಿನಿಂದ ಎದುರುಬದುರಾದರು. ಪಕ್ಷ ಬದಲಾದರೂ ಅದೇ ವ್ಯಕ್ತಿಗಳನ್ನು ಗೆಲ್ಲಿಸಿದ್ದಕ್ಕಾಗಿ ಮತದಾರರನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ. ಪಕ್ಷದ ಹೆಸರು ಏನನ್ನೂ ಹೇಳದಿದ್ದಾಗ, ಕರೆದರೆ ಫೋನ್ ಎತ್ತುವ ವ್ಯಕ್ತಿಯನ್ನು ಆರಿಸುವುದು ವಿವೇಕವೇ.

ಕಬ್ಬಿನ ವಿಷಯದಲ್ಲಿ ಮಾತ್ರ ಆ ವಿವೇಕ ನಡೆಯುವುದಿಲ್ಲ. ಹುಣಶ್ಯಾಳ ಪಿ.ಜಿ.ಯ ಸತೀಶ್ ಶುಗರ್ಸ್ ಜಾರಕಿಹೊಳಿ ಕುಟುಂಬದ್ದು, ಬೆಲ್ಲದ ಬಾಗೇವಾಡಿಯ ವಿಶ್ವರಾಜ್ ಶುಗರ್ಸ್ ಕತ್ತಿ ಕುಟುಂಬದ್ದು. ಕಬ್ಬು ಕೊಳ್ಳುವವರೂ ಮತ ಕೇಳುವವರೂ ಒಂದೇ ಮನೆಯವರಾದಾಗ ದರದ ಅಹವಾಲನ್ನು ಯಾರ ಮುಂದೆ ಇಡಬೇಕು?

ಲೆಕ್ಕವನ್ನೇ ನೋಡೋಣ. 2025–26ಕ್ಕೆ ಕೇಂದ್ರದ ನ್ಯಾಯಯುತ ಮತ್ತು ಲಾಭದಾಯಕ ದರ (ಎಫ್‌ಆರ್‌ಪಿ) ಶೇ. 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಮೇಲಿನ ಪ್ರತಿ 0.1ಕ್ಕೆ 3.46 ರೂಪಾಯಿ. ಇಳುವರಿ ಶೇ. 11.25 ಬಂದರೆ ಟನ್ನಿಗೆ 3,896 ರೂಪಾಯಿ. ಕಾಗದದ ಮೇಲೆ ಇದು ರೈತರು ಕೇಳಿದ್ದಕ್ಕಿಂತ ಹೆಚ್ಚು. ಆದರೆ ಕಟಾವು ಮತ್ತು ಸಾಗಣೆ ವೆಚ್ಚ ಮುರಿದುಕೊಂಡೇ ಬಿಲ್ ಬರುತ್ತದೆ. ಇಳುವರಿ ಅಳೆಯುವವರು ಕಾರ್ಖಾನೆಯವರು, ಕಾಟಾ ಕಾರ್ಖಾನೆಯದು. ಕಡಿದ ಕಬ್ಬು ತಾಸು ಕಳೆದಂತೆ ತೂಕ ಕಳೆದುಕೊಳ್ಳುವುದರಿಂದ ಕೂಡಿಟ್ಟು ಕಾಯುವಂತಿಲ್ಲ. ರೈತನ ಕೈ ಮೇಲಾಗುವುದು ಹಂಗಾಮು ಶುರುವಾಗುವ ಕೆಲವೇ ದಿನ. ಗುರ್ಲಾಪುರದ ಧರಣಿ ಆ ದಿನಗಳಲ್ಲೇ ಎದ್ದದ್ದಕ್ಕೆ ಕಾರಣ ಇದು. ಚುನಾವಣೆ ಐದು ವರ್ಷಕ್ಕೊಮ್ಮೆ. ಕಾರ್ಖಾನೆಯ ಚಿಮಣಿ ಪ್ರತಿ ವರ್ಷ ಹೊತ್ತಿಕೊಳ್ಳುತ್ತದೆ.

ಪಕ್ಷಗಳು ಗುರ್ಲಾಪುರಕ್ಕೆ ಬರಲಿಲ್ಲವೆಂದಲ್ಲ. ಬಿಜೆಪಿ ರಾಜ್ಯಾಧ್ಯಕ್ಷ ವಿಜಯೇಂದ್ರ ಬಂದು ಕುಳಿತರು, ಸಚಿವ ಎಚ್.ಕೆ. ಪಾಟೀಲರು ಸರ್ಕಾರದ ಪರವಾಗಿ ಬಂದರು. ಅವರು ಬಂದದ್ದು ಅತಿಥಿಗಳಾಗಿ, ಮುಂದಾಳುಗಳಾಗಿ ಅಲ್ಲ. ನವೆಂಬರ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಕಾರ್ಖಾನೆ ಮಾಲೀಕರೊಡನೆ ಮಾತಾಡಿ 3,300 ರೂಪಾಯಿ ಘೋಷಿಸಿದರು. ಅದರಲ್ಲಿ 50 ಸರ್ಕಾರದ್ದು. ಅದೇ ದಿನ ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಟೋಲ್ ಹತ್ತಿರ ಕಲ್ಲು ತೂರಾಟವೂ ಆಗಿತ್ತು.

ಈ ಹೋರಾಟದಲ್ಲಿ ಕೇಳದ ದನಿಯೊಂದಿದೆ, ಅದನ್ನು ಬಿಟ್ಟು ವರ್ಗದ ಮಾತಾಡುವುದು ನ್ಯಾಯವಲ್ಲ. ಹೊಲಕ್ಕೆ ಇಳಿದು ಕಬ್ಬು ಕಡಿಯುವ ಗ್ಯಾಂಗುಗಳು ಮಹಾರಾಷ್ಟ್ರದ ಬೀಡ್ ಕಡೆಯಿಂದಲೂ ಬರುತ್ತವೆ. ಅವರ ಮತ ಇಲ್ಲಿಲ್ಲ, ದರದ ಮಾತುಕತೆಯಲ್ಲಿ ಅವರಿಗೆ ಜಾಗವೂ ಇಲ್ಲ; ರೈತನ ಬಿಲ್ಲಿನಲ್ಲಿ ಅವರು ಮುರಿದುಕೊಳ್ಳುವ ಒಂದು ಬಾಬತ್ತು ಮಾತ್ರ.

ಇಳುವರಿಗೆ ಕಟ್ಟಿಹಾಕಿದ ಈ 3,300ರ ದರವನ್ನು ಹೊಳೆಯ ಕೆಳಗಿನ ಮುಧೋಳದ ಬೆಳೆಗಾರರು ಒಪ್ಪಲಿಲ್ಲ. ನವೆಂಬರ್ 13ರಂದು ಸಮೀರವಾಡಿ ಕಾರ್ಖಾನೆಯ ಬಳಿ ಕಬ್ಬು ತುಂಬಿದ ಟ್ರ್ಯಾಲಿಗಳು ಹೊತ್ತಿ ಉರಿದವು. ಅಲ್ಲಿಯೂ ಪಟ್ಟು ಹಿಡಿದವರು ರೈತ ಸಂಘಟನೆಗಳೇ.