ಮುನ್ನೂರ ಆರು ಕೊಳವೆ

ಇಪ್ಪತ್ತೈದು ವರ್ಷ ದಾಟಿದ ಅಪಾರ್ಟ್‌ಮೆಂಟಿನಲ್ಲಿ ಇದ್ದವರಿಗೆ ಈ ಜಗಳ ಗೊತ್ತಿರುತ್ತೆ. ಗೋಡೆ ಗಟ್ಟಿಯಾಗಿದೆ, ಲಿಫ್ಟ್ ಓಡುತ್ತಿದೆ, ಆದರೆ ಗೋಡೆಯೊಳಗಿನ ಪೈಪು ಹಾಳಾಗಿದೆ. ಸೋರಿದ ಕಡೆ ತೇಪೆ ಹಾಕೋದಾ, ಪೂರ್ತಿ ಕಿತ್ತು ಹೊಸದು ಹಾಕೋದಾ, ಇಲ್ಲಾ ಬಿಲ್ಡರ್‌ಗೆ ಕೊಟ್ಟು ಕೆಡವಿಸಿಬಿಡೋದಾ? ಅಸೋಸಿಯೇಷನ್ ಮೀಟಿಂಗಿನಲ್ಲಿ ಮೂರು ಬಣ. ಹಳೆಯ ಅಣುವಿದ್ಯುತ್ ಸ್ಥಾವರಗಳ ರಿಪೇರಿಯ ಚರಿತ್ರೆ ಓದುವಾಗ ನನಗೆ ಪದೇ ಪದೇ ನೆನಪಾಗಿದ್ದು ಈ ಮೀಟಿಂಗುಗಳೇ. ಒಂದೇ ವ್ಯತ್ಯಾಸ: ಅಲ್ಲಿ ಪ್ಲಂಬರ್ ಪೈಪಿನ ಹತ್ತಿರ ಹೆಚ್ಚು ಹೊತ್ತು ನಿಲ್ಲೋ ಹಾಗಿಲ್ಲ.

ನಮ್ಮ ದೇಶದಲ್ಲಿ ಇಂಥ ಕೆಲಸ ಮೊದಲು ನಡೆದಿದ್ದು ರಾಜಸ್ಥಾನದ ರಾವತ್‌ಭಾಟಾದಲ್ಲಿ. ಚಂಬಲ್ ನದಿಗೆ ರಾಣಾ ಪ್ರತಾಪ್ ಸಾಗರ್ ಅಣೆಕಟ್ಟು ಕಟ್ಟಿದ ಜಾಗ ಅದು. 1963ರಲ್ಲಿ ಭಾರತ ಮತ್ತು ಕೆನಡಾ ಒಪ್ಪಂದ ಮಾಡಿಕೊಂಡು ಅಲ್ಲಿ ಭಾರಜಲದ ರಿಯಾಕ್ಟರ್ ಕಟ್ಟೋಕೆ ಹೊರಟವು. ಮಾದರಿಯಾಗಿ ಇಟ್ಟುಕೊಂಡಿದ್ದು ಒಂಟಾರಿಯೋದ ಡಗ್ಲಸ್ ಪಾಯಿಂಟ್ ಸ್ಥಾವರ. ತಮಾಷೆ ಅಂದರೆ ಆ ಮಾದರಿಯೇ ಆಗಿನ್ನೂ ಒಂದು ದಿನವೂ ಓಡಿರಲಿಲ್ಲ. ಅದು ಚಾಲನೆಗೊಂಡಿದ್ದು 1966ರಲ್ಲಿ. ಬೇರೆಯವರ ಮನೆ ಕಟ್ಟಿ ಮುಗಿಯುವ ಮೊದಲೇ ಅದೇ ಪ್ಲ್ಯಾನಿನಲ್ಲಿ ನಮ್ಮ ಮನೆಗೂ ಪಾಯ ತೋಡಿದ ಹಾಗೆ. ಆ ಕಾಲದ ಧೈರ್ಯ ಅಂಥದ್ದು, ಅವಸರವೂ ಅಂಥದ್ದೇ.

ಮೊದಲ ಘಟಕ 1973ರ ಡಿಸೆಂಬರಿನಲ್ಲಿ ವಾಣಿಜ್ಯ ಉತ್ಪಾದನೆ ಶುರು ಮಾಡಿತು. ಐದು ತಿಂಗಳ ನಂತರ, 1974ರ ಮೇ 18ರಂದು, ಅದೇ ರಾಜಸ್ಥಾನದ ಪೋಖ್ರಾನಿನಲ್ಲಿ ಭಾರತ ಅಣುಸ್ಫೋಟ ನಡೆಸಿತು. ಅದಕ್ಕೆ ಬಳಸಿದ ಪ್ಲುಟೋನಿಯಂ ಬಂದದ್ದು ಕೆನಡಾ ನೆರವಿನಿಂದ ಟ್ರಾಂಬೆಯಲ್ಲಿ ಕಟ್ಟಿದ್ದ ಸೈರಸ್ ರಿಯಾಕ್ಟರಿನಿಂದ. ಕೆನಡಾದವರು ಸಿಟ್ಟಾದರು, ಕೈ ತೊಳೆದುಕೊಂಡು ಹೋದರು. ರಾವತ್‌ಭಾಟಾದ ಎರಡನೇ ಘಟಕ ಆಗ ಅರ್ಧಂಬರ್ಧ ಆಗಿತ್ತು. ಬೇಕಾದ ಭಾರಜಲವನ್ನು ಸೋವಿಯತ್ ಒಕ್ಕೂಟದಿಂದ ತರಿಸಿ, ಉಳಿದ ಕೆಲಸವನ್ನು ನಮ್ಮವರೇ ಮುಗಿಸಿ, 1981ರ ಏಪ್ರಿಲ್ 1ಕ್ಕೆ ಅದನ್ನು ವಾಣಿಜ್ಯ ಉತ್ಪಾದನೆಗೆ ತಂದರು. ಈ ಭಾಗವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದ್ದೇ. ನನಗೆ ಕುತೂಹಲ ಇರೋದು ಅದರ ಮುಂದಿನ ಭಾಗದಲ್ಲಿ. ಕಟ್ಟಿಸಿಕೊಟ್ಟವರು ಜಗಳ ಮಾಡಿಕೊಂಡು ಹೋದ ಮೇಲೆ, ಅವರ ವಿನ್ಯಾಸದಲ್ಲೇ ದೋಷ ಇದೆ ಅಂತ ಗೊತ್ತಾದರೆ ಏನು ಮಾಡೋದು?

ಗೊತ್ತಾಗಿದ್ದು 1983ರ ಆಗಸ್ಟ್ 1ರಂದು, ಅದೂ ಕೆನಡಾದಲ್ಲಿ, ಟೊರಾಂಟೋ ಪಕ್ಕದ ಪಿಕರಿಂಗ್ ಸ್ಥಾವರದಲ್ಲಿ.

ಅದಕ್ಕೆ ಮುಂಚೆ ಈ ರಿಯಾಕ್ಟರಿನ ಹೊಟ್ಟೆ ಸ್ವಲ್ಪ ನೋಡಿಬಿಡೋಣ. ಅಡ್ಡ ಮಲಗಿಸಿದ ದೊಡ್ಡ ಡ್ರಮ್ಮು. ಅದರ ಹೆಸರು ಕ್ಯಾಲಾಂಡ್ರಿಯಾ. ಈ ಕಡೆಯಿಂದ ಆ ಕಡೆಗೆ ಅದನ್ನು ತೂರಿಕೊಂಡು ಹೋಗುವ ನೂರಾರು ಕೊಳವೆಗಳು. ನಮ್ಮ 220 ಮೆಗಾವ್ಯಾಟಿನ ರಿಯಾಕ್ಟರುಗಳಲ್ಲಿ 306. ಒಂದೊಂದರಲ್ಲೂ ಯುರೇನಿಯಂ ಇಂಧನದ ಕಟ್ಟುಗಳು ಸಾಲಾಗಿ ಕೂತಿರುತ್ತವೆ, ಅವುಗಳ ನಡುವೆ ಭಾರೀ ಒತ್ತಡದಲ್ಲಿ, 300 ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿ ಭಾರಜಲ ಹರಿಯುತ್ತದೆ. ಹೊರಗಿನ ಡ್ರಮ್ಮಿನಲ್ಲೂ ಭಾರಜಲವೇ, ಆದರೆ ತಣ್ಣಗಿನದು. ಬಿಸಿ ಕೊಳವೆ ತಣ್ಣಗಿನ ನೀರಿಗೆ ತಾಗಬಾರದು ಅಂತ ಅದರ ಸುತ್ತ ಇನ್ನೊಂದು ಕೊಳವೆ, ನಡುವೆ ಅನಿಲ ತುಂಬಿದ ಸಂದು. ಆ ಸಂದು ಉಳಿಯಲಿ ಅಂತ ಬಳೆಯ ಹಾಗೆ ತೊಡಿಸಿದ ಸ್ಪ್ರಿಂಗುಗಳು. ಕೋಟಿಗಟ್ಟಲೆ ರೂಪಾಯಿಯ ಯಂತ್ರ ನಿಂತಿರೋದು ಈ ಬಳೆಗಳು ಇದ್ದ ಜಾಗದಲ್ಲೇ ಇರುತ್ತವೆ ಅನ್ನೋ ನಂಬಿಕೆಯ ಮೇಲೆ.

ಅವು ಇರಲಿಲ್ಲ. ಪಿಕರಿಂಗ್ ಎರಡನೇ ಘಟಕದ ಜಿ-16 ಅನ್ನೋ ಕೊಳವೆಯಲ್ಲಿ ಸ್ಪ್ರಿಂಗು ಜಾರಿತ್ತು. ನ್ಯೂಟ್ರಾನುಗಳ ಹೊಡೆತ ತಿಂದು ತಿಂದು ಕೊಳವೆ ಜೋತುಬಿದ್ದು, ಹೊರಗಿನ ತಣ್ಣನೆಯ ಕೊಳವೆಗೆ ತಾಗಿತ್ತು. ಲೋಹ ಜಿರ್ಕಲಾಯ್-2, ಅಂದರೆ ಜಿರ್ಕೋನಿಯಂನ ಒಂದು ಮಿಶ್ರಲೋಹ. ಅದು ಬಿಸಿ ಭಾರಜಲದ ಜೊತೆ ವರ್ಷಗಟ್ಟಲೆ ಇದ್ದು ಡ್ಯುಟೀರಿಯಂ ಹೀರಿಕೊಳ್ಳುತ್ತಾ ಹೋಗುತ್ತದೆ. ಹೀರಿದ್ದೆಲ್ಲ ಎಲ್ಲಿ ತಣ್ಣಗಿದೆಯೋ ಅಲ್ಲಿಗೆ ಸರಿದು ಗುಳ್ಳೆ ಕಟ್ಟುತ್ತದೆ. ಗುಳ್ಳೆ ಕಟ್ಟಿದ ಕಡೆ ಲೋಹ ಗಾಜಿನ ಹಾಗೆ ಪೆಡಸು. ಅವತ್ತು ಕೊಳವೆ ಸುಮಾರು ಎರಡು ಮೀಟರ್ ಉದ್ದಕ್ಕೆ ಸೀಳಿತು. ನಿರ್ವಾಹಕರು ರಿಯಾಕ್ಟರನ್ನು ಸುರಕ್ಷಿತವಾಗಿ ನಿಲ್ಲಿಸಿದರು, ಊರಿಗೆ ಏನೂ ಆಗಲಿಲ್ಲ. ಆದರೆ ಈ ಜಾತಿಯ ಕೊಳವೆ ಸೀಳುವ ಮೊದಲು ಸೋರಿ ಎಚ್ಚರಿಕೆ ಕೊಡುತ್ತೆ ಅನ್ನೋ ನಂಬಿಕೆ ಅವತ್ತೇ ಒಡೆಯಿತು. ಒಂಟಾರಿಯೋದವರು ಪಿಕರಿಂಗ್‌ನ ಮೊದಲ ನಾಲ್ಕೂ ಘಟಕಗಳ ಕೊಳವೆಗಳನ್ನು ಹತ್ತು ವರ್ಷ ಹಿಡಿದು ಬದಲಾಯಿಸಿದರು.

ಈಗ ಇತ್ತ ಬನ್ನಿ. ರಾವತ್‌ಭಾಟಾದ ಎರಡು, ಕಲ್ಪಾಕ್ಕಂನ ಎರಡು, ನರೋರಾದ ಎರಡು, ಕಾಕ್ರಾಪಾರ್‌ನ ಮೊದಲನೆಯದು: ಏಳು ರಿಯಾಕ್ಟರುಗಳಿಗೆ ಇದೇ ಜಿರ್ಕಲಾಯ್-2. ಏಳು ಗುಣಿಸು 306, ಅಂದರೆ 2,142 ಕೊಳವೆ. ಕಾಕ್ರಾಪಾರ್‌ನ ಎರಡನೆಯದರಿಂದ ಮುಂದಕ್ಕೆ ನಿಯೋಬಿಯಂ ಸೇರಿಸಿದ ಉತ್ತಮ ಮಿಶ್ರಲೋಹಕ್ಕೆ ಬದಲಾದೆವು. ಹಿಂದಿನವುಗಳ ಗತಿ?

ಮೊದಲು ಕಾಲ ತಳ್ಳುವ ಉಪಾಯ ಹುಡುಕಿದರು. ಟ್ರಾಂಬೆಯ ಭಾಭಾ ಕೇಂದ್ರದವರು ಕೊಳವೆಯ ಒಳಗೆ ತೂರಿಸಿ ಪರೀಕ್ಷಿಸುವ ಯಂತ್ರ ಮಾಡಿದರು, ಒಳಮೈಯಿಂದ ಚೂರು ಲೋಹ ಕೆರೆದು ಎಷ್ಟು ಡ್ಯುಟೀರಿಯಂ ಕುಡಿದಿದೆ ಅಂತ ಅಳೆಯುವ ಸಾಧನ ಮಾಡಿದರು, ಜಾರಿದ ಸ್ಪ್ರಿಂಗನ್ನು ಒಳಗಿನಿಂದಲೇ ಸರಿಸಿ ಕೂರಿಸುವ ಸಲಕರಣೆಯನ್ನೂ ಮಾಡಿದರು. ಇವೆಲ್ಲ ಅಂಗಡಿಯಲ್ಲಿ ಸಿಗೋ ಸಾಮಾನಲ್ಲ. ಸಿಕ್ಕಿದ್ದರೂ ನಮಗೆ ಯಾರೂ ಮಾರುತ್ತಿರಲಿಲ್ಲ. ಕೊನೆಗೆ 1994ರಲ್ಲಿ ರಾವತ್‌ಭಾಟಾದ ಎರಡನೇ ಘಟಕವನ್ನು ನಿಲ್ಲಿಸಿ ಅಷ್ಟೂ ಕೊಳವೆ ಕೀಳಲು ಕೂತರು.

ಹೇಳೋಕೆ ಸುಲಭ. ಮೊದಲು ಇಂಧನ ಅಷ್ಟನ್ನೂ ಹೊರಗೆ ತೆಗೆಯಬೇಕು. ಭಾರಜಲ ಬಸಿಯಬೇಕು, ಒಣಗಿಸಬೇಕು. ಭಾರಜಲ ಅಂದರೆ ಚೆಲ್ಲುವ ನೀರಲ್ಲ, ಹನಿ ಹನಿಗೂ ಲೆಕ್ಕ. ಆಮೇಲೆ ಪ್ರತಿ ಕೊಳವೆಯ ಎರಡೂ ತುದಿಯಲ್ಲಿ ನೀರು ತರುವ ಪೈಪುಗಳ ಸಂಪರ್ಕ ಬಿಡಿಸಬೇಕು, ಕೊಳವೆ ಕತ್ತರಿಸಬೇಕು, ದಪ್ಪ ಕವಚದ ಪೆಟ್ಟಿಗೆಯೊಳಕ್ಕೆ ಎಳೆದುಕೊಳ್ಳಬೇಕು. ವರ್ಷಾನುಗಟ್ಟಲೆ ರಿಯಾಕ್ಟರಿನ ನಡುಮಧ್ಯೆ ಇದ್ದ ಆ ಲೋಹ ತಾನೇ ವಿಕಿರಣದ ಮುದ್ದೆಯಾಗಿರುತ್ತೆ, ಬರಿಗಣ್ಣಿನ ಎದುರು ತರೋ ಹಾಗಿಲ್ಲ. ಹೊಸ ಕೊಳವೆಗಳು ಬರುವುದು ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣದಿಂದ. ಅವನ್ನು ಕೂರಿಸಿ ತುದಿಗಳನ್ನು ಒತ್ತಿ ಬೆಸೆಯಬೇಕು. 306ಕ್ಕೆ ಎರಡರಂತೆ 612 ಬೆಸುಗೆ. ಒಂದು ಸೋರಿದರೂ ಸಾಕು.

ಈ ಕೆಲಸದಲ್ಲಿ ಹಣಕ್ಕಿಂತ ಮೊದಲು ಬಜೆಟ್ ಮಾಡೋದು ವಿಕಿರಣದ್ದು. ಯಾವ ಕೆಲಸಕ್ಕೆ ಎಷ್ಟು ಜನ, ಎಷ್ಟು ನಿಮಿಷ, ಎಷ್ಟು ಮಿಲಿಸೀವರ್ಟ್. ಈಗಿನ ನಿಯಮದಲ್ಲಿ ಕಾಯಂ ವಿಕಿರಣ ಕೆಲಸಗಾರರಿಗೆ ಒಂದು ವರ್ಷಕ್ಕೆ 30, ಐದು ವರ್ಷಕ್ಕೆ ಒಟ್ಟು 100ರ ಮಿತಿ; ತಾತ್ಕಾಲಿಕ ಕೆಲಸಗಾರರಿಗೆ ವರ್ಷಕ್ಕೆ 15. ಹಾಗಾಗಿ ಒಂದು ಕೆಲಸವನ್ನು ಮೂವರು ಹಂಚಿಕೊಂಡು ಮಾಡುತ್ತಾರೆ. ತಾಲೀಮಿಗೆ ಅಂತಲೇ ಕೃತಕ ಮಾದರಿ ಕಟ್ಟಿ, ಅದರ ಮುಂದೆ ಮತ್ತೆ ಮತ್ತೆ ಅಭ್ಯಾಸ ಮಾಡಿ, ಹತ್ತು ನಿಮಿಷದ್ದನ್ನು ಆರಕ್ಕೆ ಇಳಿಸುತ್ತಾರೆ. ಉಳಿದ ನಾಲ್ಕು ನಿಮಿಷ ಯಾರದೋ ಮೂಳೆಗೆ, ರಕ್ತಕ್ಕೆ ಸಂಬಂಧಪಟ್ಟಿದ್ದು. ನಾವು ನಮ್ಮ ಆಫೀಸುಗಳಲ್ಲಿ ‘ಎಫಿಷಿಯೆನ್ಸಿ’ ಅನ್ನೋ ಪದವನ್ನು ಎಷ್ಟು ಸಸಾರವಾಗಿ ಬಳಸುತ್ತೇವೆ ಅಲ್ವಾ?

ನಾಲ್ಕು ವರ್ಷ ಹಿಡಿಯಿತು. ಘಟಕ ಮತ್ತೆ ಓಡಿದ್ದು 1998ರಲ್ಲಿ, ಅಂದರೆ ಪೋಖ್ರಾನಿನ ಎರಡನೇ ಸ್ಫೋಟದ ವರ್ಷದಲ್ಲೇ. ಆ ವರ್ಷದ ಪೇಪರುಗಳಲ್ಲಿ ಯಾವುದಕ್ಕೆ ಮುಖಪುಟ ಸಿಕ್ಕಿತು ಅಂತ ಹೇಳಬೇಕಿಲ್ಲ. ನನ್ನ ಲೆಕ್ಕದಲ್ಲಿ ಎರಡರಲ್ಲಿ ಕಷ್ಟದ ಕೆಲಸ ಚಂಬಲ್ ದಡದ್ದು. ಕಲಿತ ವಿದ್ಯೆ ಫಲ ಕೊಟ್ಟಿತು ಕೂಡ: ಕಲ್ಪಾಕ್ಕಂನ ಎರಡನೇ ಘಟಕದಲ್ಲಿ ಇದೇ ಕೆಲಸ 2002ರ ಜನವರಿಯಿಂದ 2003ರ ಜುಲೈಗೆ ಮುಗಿಯಿತು. ಆಮೇಲೆ ಕಲ್ಪಾಕ್ಕಂ ಒಂದು, ನರೋರಾ ಎರಡೂ, ಕಾಕ್ರಾಪಾರ್ ಒಂದು. ರಾವತ್‌ಭಾಟಾದ ಮೊದಲ ಘಟಕಕ್ಕೆ ಮಾತ್ರ ಈ ಭಾಗ್ಯ ಬರಲಿಲ್ಲ. ಅದರ ಪಕ್ಕದ ಗೋಡೆಯಂತಿರುವ ಎಂಡ್ ಶೀಲ್ಡಿನಲ್ಲೇ ಬಿರುಕು ಬಿಟ್ಟು, ಶಕ್ತಿಯನ್ನು 100 ಮೆಗಾವ್ಯಾಟಿಗೆ ಇಳಿಸಿ, ಕುಂಟುತ್ತಾ ಸಾಗಿ, 2004ರಲ್ಲಿ ನಿಂತೇಹೋಯಿತು.

ಹೊಗಳಿದ್ದು ಸಾಕು. ಈ ಚರಿತ್ರೆಯಲ್ಲಿ ನನಗೆ ಕಿರಿಕಿರಿ ಆಗೋದು ಯಾಕೆಂದರೆ, ಯಂತ್ರದ ಬಗ್ಗೆ ಬರೆದಷ್ಟು ಮನುಷ್ಯರ ಬಗ್ಗೆ ಬರೆದಿಲ್ಲ. ಇಂಜಿನಿಯರುಗಳ ಪ್ರಬಂಧಗಳು ಬೇಕಾದಷ್ಟು ಇವೆ. ಗುತ್ತಿಗೆಗೆ ಬಂದು ಕವಚ ತೊಟ್ಟು ಕೆಲಸ ಮಾಡಿ ಊರಿಗೆ ಹೋದವರ ಮಾತು ಹುಡುಕಿ ನೋಡಿ. 1991ರಲ್ಲಿ ಸುರೇಂದ್ರ ಮತ್ತು ಸಂಘಮಿತ್ರಾ ಗಾಡೇಕರ್ ದಂಪತಿ ರಾವತ್‌ಭಾಟಾ ಸುತ್ತಲಿನ ಹಳ್ಳಿಗಳಲ್ಲಿ ಆರೋಗ್ಯ ಸಮೀಕ್ಷೆ ಮಾಡಿ, ಹುಟ್ಟಿನಿಂದಲೇ ಬಂದ ಅಂಗವೈಕಲ್ಯ ಹೆಚ್ಚಿದೆ ಅಂತ ‘ಅಣುಮುಕ್ತಿ’ ಪತ್ರಿಕೆಯಲ್ಲಿ ಬರೆದರು. ಅಣುಶಕ್ತಿ ಇಲಾಖೆ ಒಪ್ಪಲಿಲ್ಲ. ಎರಡು ಕಡೆಯವರೂ ಒಪ್ಪುವಂಥ ಮೂರನೆಯವರು ಕೂತು ದೀರ್ಘಕಾಲ ಎಣಿಸಿದ್ದರೆ ಆ ವಾದ ಅವತ್ತೇ ಮುಗಿಯಬಹುದಿತ್ತು.

ಕೆನಡಾದವರಿಗೂ ಎಲ್ಲ ಸಲೀಸಾಗಿರಲಿಲ್ಲ ಬಿಡಿ. ಪಿಕರಿಂಗ್‌ನ ಆ ಎರಡನೇ ಘಟಕಕ್ಕೆ ಅಷ್ಟೆಲ್ಲ ಹೊಸ ಕೊಳವೆ ಹಾಕಿ, 1997ರಲ್ಲಿ ಬೇರೆ ಕಾರಣಕ್ಕೆ ನಿಲ್ಲಿಸಿ, ಮತ್ತೆ ಶುರು ಮಾಡಲೇ ಇಲ್ಲ. ಪಾಯಿಂಟ್ ಲೆಪ್ರೋದಲ್ಲಿ 18 ತಿಂಗಳಿನ ಕೆಲಸ ಅಂತ 2008ರಲ್ಲಿ ನಿಲ್ಲಿಸಿದರು. ಹೊಸದಾಗಿ ಹಾಕಿದ ಹೊರಕೊಳವೆಗಳು ಸರಿಯಾಗಿ ಕೂರದೆ 380ನ್ನೂ ಮತ್ತೆ ಕಿತ್ತು ಹಾಕಬೇಕಾಗಿ, 2012ರ ಕೊನೆಗೆ ಮುಗಿಯಿತು. ಅದನ್ನು ನೋಡಿ ಕ್ವಿಬೆಕ್‌ನವರು ತಮ್ಮ ಜಂಟಿಯಿ-2 ಸ್ಥಾವರದ ನವೀಕರಣವೇ ಬೇಡ ಅಂತ ಅದೇ ವರ್ಷ ಬಾಗಿಲು ಹಾಕಿದರು.

ನಮ್ಮಲ್ಲಿ ಪೆಟ್ಟು ಬಿದ್ದದ್ದು ಇನ್ನೂ ವಿಚಿತ್ರವಾಗಿ. ಕಾಕ್ರಾಪಾರ್‌ನ ಮೊದಲ ಘಟಕಕ್ಕೆ ಉತ್ತಮ ಮಿಶ್ರಲೋಹದ ಹೊಸ ಕೊಳವೆ ಹಾಕಿ ಕೆಲವೇ ವರ್ಷ ಆಗಿತ್ತು. 2016ರ ಮಾರ್ಚ್ 11ರಂದು, ಫುಕುಶಿಮಾದ ಐದನೇ ವರ್ಷದ ದಿನವೇ, ಅದರ ಒಂದು ಕೊಳವೆಯಿಂದ ಭಾರಜಲ ಸೋರಿ ಘಟಕ ನಿಂತಿತು. ಹಿಂದಿನ ವರ್ಷ ಪಕ್ಕದ ಘಟಕದಲ್ಲೂ ಹೀಗೇ ಆಗಿತ್ತು. ತೆಗೆದು ನೋಡಿದರೆ ಕೊಳವೆಗಳ ಹೊರಮೈಯಲ್ಲಿ ಚುಕ್ಕೆ ಚುಕ್ಕೆಯಾಗಿ ಸವೆತ. ಅಂದರೆ ಬಿಸಿ ನೀರು ಹರಿಯುವ ಒಳಮೈಯಲ್ಲಲ್ಲ, ಒಣ ಅನಿಲ ಮಾತ್ರ ಇರುವ ಸಂದಿನ ಕಡೆ. ಎಲ್ಲರೂ ಒಳಗೆ ಕಣ್ಣಿಟ್ಟಿದ್ದಾಗ ಹೊರಗಿನಿಂದ ಬಂತು. ಎರಡೂ ಘಟಕಗಳ ಕೊಳವೆಗಳನ್ನು ಮತ್ತೆ ಬದಲಾಯಿಸಬೇಕಾಯಿತು.

ಇದೆಲ್ಲ ರಾಜಸ್ಥಾನದ್ದು, ಗುಜರಾತಿನದ್ದು ಅಂತ ಬೆಂಗಳೂರಿನಲ್ಲಿ ಕೂತು ಅಂದುಕೊಳ್ಳಬೇಡಿ. ನಿಮ್ಮ ಲ್ಯಾಪ್‌ಟಾಪಿಗೆ ಬರುವ ಕರೆಂಟಿನಲ್ಲಿ ಸ್ವಲ್ಪ ಪಾಲು ಕಾಳಿ ನದಿ ದಡದ ಕೈಗಾದ್ದು. ಅದನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ, ತಮ್ಮ 87ನೇ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತರು. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಮೊದಲ ಘಟಕದ ಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಪುಣ್ಯಕ್ಕೆ ಒಳಗೆ ಇಂಧನ ಇರಲಿಲ್ಲ. ವಿನ್ಯಾಸ ಬದಲಿಸಿ ಕಟ್ಟಿ 2000ದಲ್ಲಿ ಎರಡೂ ಘಟಕಗಳು ಶುರುವಾದವು. ಅದೇ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿ ವಿಶ್ವದಾಖಲೆ ಮಾಡಿತು. ದಾಖಲೆಯನ್ನು 2020ರಲ್ಲಿ ಮುರಿದಿದ್ದು ಕೆನಡಾದ ಡಾರ್ಲಿಂಗ್ಟನ್‌ನ ಮೊದಲ ಘಟಕ, 1,106 ದಿನಕ್ಕೆ ಅದು ನಿಂತಿತು. ಒಂದು ವರ್ಷದ ನಂತರ, 2022ರ ಫೆಬ್ರವರಿಯಲ್ಲಿ, ಅದರ 480 ಕೊಳವೆಗಳನ್ನೂ ಕೀಳಲು ಶುರುಮಾಡಿದರು. 2024ರ ನವೆಂಬರಿನಲ್ಲಿ ಹೊಸ ಕೊಳವೆಗಳ ಜೊತೆ ಮತ್ತೆ ಓಡಿತು. ಕೈಗಾದ ಮೊದಲೆರಡು ಘಟಕಗಳ ಕೊಳವೆಗಳಿಗೆ 2025ಕ್ಕೆ 25 ತುಂಬಿತು.