ಸಿನಿಮಾದ ನಾಯಿ, ಜತ್ತ ಸೀಮೆಯ ನಾಯಿ

ನನ್ನ ಧ್ವನಿ ಕೇಳಸ್ತದಲ್ಲ? ನಮ್ಮ ಊರಲ್ಲಿ ಗಾಳಿ ಜೋರಾದರೆ ನೆಟ್‌ವರ್ಕ್ ಹೋಗತದ, ನಡುವೆ ನಿಂತರೆ ದಯವಿಟ್ಟು ಎರಡು ನಿಮಿಷ ಕಾಯಬೇಕು. ನಾನು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನವಳು, ಕನ್ನಡ ಎಂ.ಎ. ಎರಡನೆಯ ವರ್ಷ. ಗಡಿ ಕನ್ನಡಿಗರ ವಿಚಾರ ಸಂಕಿರಣದಲ್ಲಿ ನಾಯಿಯ ಬಗ್ಗೆ ಮಾತಾಡತೀನಿ ಅಂದಾಗ ನಮ್ಮ ಗುರುಗಳು ಮೊದಲು ನಕ್ಕರು. ಆಮೇಲೆ, "ಆತು, ಆದರ ಸಿನಿಮಾ ಬಿಟ್ಟು ಆಕಡೆ ಈಕಡೆ ಹೋಗಬ್ಯಾಡ" ಅಂದರು. ಸ್ವಲ್ಪ ಹೋಗತೀನಿ, ಕ್ಷಮೆ ಇರಲಿ.

'777 ಚಾರ್ಲಿ' ಬಿಡುಗಡೆಯಾದದ್ದು 2022ರ ಜೂನ್ 10ಕ್ಕೆ. ನಾನು ನೋಡಿದ್ದು ಕೆಲವು ತಿಂಗಳು ತಡವಾಗಿ, ಮೊಬೈಲಿನಲ್ಲಿ, ನಮ್ಮ ಸೋದರಮಾಮಾ ಜೊತೆ. ಮಾಮಾ ಹತ್ತಿರ ಆಗ ಮೂರು ಬೇಟೆನಾಯಿ ಇದ್ದವು. ಕೊನೆಗೆ ನಾನು ಬಿಕ್ಕಿ ಬಿಕ್ಕಿ ಅತ್ತೆ. ಮಾಮಾ ಕಣ್ಣಲ್ಲೂ ನೀರು ಬಂದಿತ್ತು, ಆದರೆ ಅವರು ಅದನ್ನು ಇವತ್ತಿಗೂ ಒಪ್ಪುವುದಿಲ್ಲ. ಮೊಬೈಲ್ ಬದಿಗಿಟ್ಟು ಹೇಳಿದ್ದು ಇಷ್ಟು: "ಛಲೋ ಐತಿ. ಆದರ ಇದು ಮನ್ಯಾಗಿನ ನಾಯಿ. ನಮ್ಮ ನಾಯಿ ಹಿಂಗ ಮೈಮ್ಯಾಲ ಬೀಳೂದಿಲ್ಲ." ಈ ಪ್ರಬಂಧ ಶುರುವಾದದ್ದು ಆ ಮಾತಿನಿಂದ. ಮೈಮೇಲೆ ಬೀಳದ ನಾಯಿಯನ್ನು, ಅದನ್ನು ಅಪ್ಪಿಕೊಳ್ಳದೆಯೇ ಪ್ರೀತಿಸುವ ಮನುಷ್ಯರನ್ನು ಸಿನಿಮಾ ಯಾಕೆ ಹತ್ತಿರ ಕರೆಯಲಿಲ್ಲ?

ನಾಯಿ ಸಿನಿಮಾಕ್ಕೆ ಬಂದು ಶತಮಾನ ದಾಟಿದೆ. 1905ರಲ್ಲಿ ಇಂಗ್ಲೆಂಡಿನ ಸೆಸಿಲ್ ಹೆಪ್‌ವರ್ತ್ 'ರೆಸ್ಕ್ಯೂಡ್ ಬೈ ರೋವರ್' ಎಂಬ ಕೆಲವೇ ನಿಮಿಷಗಳ ಮೂಕಿಚಿತ್ರ ತೆಗೆದ. ಕಳುವಾದ ಕೂಸನ್ನು ಮನೆಯ ಕೋಲಿ ನಾಯಿ ಪತ್ತೆ ಹಚ್ಚುವ ಕಥೆ. ನಟಿಸಿದ್ದು ಹೆಪ್‌ವರ್ತನ ಮನೆಯದೇ ನಾಯಿ. ಪ್ರತಿಗಳಿಗೆ ಎಷ್ಟು ಬೇಡಿಕೆ ಬಂತೆಂದರೆ ನೆಗೆಟಿವ್ ಸವೆದು ಹೋಗಿ ಚಿತ್ರವನ್ನು ಮತ್ತೆ ಎರಡು ಸಲ ಹೊಸದಾಗಿ ತೆಗೆಯಬೇಕಾಯಿತು. ಒಂದು ಮನೆ, ಒಂದು ಕೂಸು, ಅವರಿಗಾಗಿ ಜೀವ ಕೊಡುವ ನಾಯಿ: ಮುಂದಿನ ನೂರು ವರ್ಷದ ಅಚ್ಚು ಅಲ್ಲೇ ಬಿತ್ತು ಅಂತ ನನಗೆ ಕಾಣುತ್ತದೆ.

ಅದೇ ತಳಿಯ ನಾಯಿ 1943ರ 'ಲ್ಯಾಸಿ ಕಮ್ ಹೋಮ್' ಚಿತ್ರದಲ್ಲಿ ಬರುತ್ತದೆ. ಯಾರ್ಕ್‌ಶೈರ್‌ನ ಬಡ ಕುಟುಂಬವೊಂದು ಹೊಟ್ಟೆಪಾಡಿಗಾಗಿ ತನ್ನ ನಾಯಿಯನ್ನು ಶ್ರೀಮಂತ ಡ್ಯೂಕನಿಗೆ ಮಾರುತ್ತದೆ. ಸ್ಕಾಟ್ಲೆಂಡಿಗೆ ಒಯ್ದ ನಾಯಿ ನೂರಾರು ಮೈಲಿ ನಡೆದು ಹುಡುಗನ ಹತ್ತಿರ ವಾಪಸ್ ಬರುತ್ತದೆ. ನನಗೆ ಇದು ಮೊದಲು ಬಡತನದ ಕಥೆ, ಆಮೇಲೆ ನಾಯಿಯ ಕಥೆ. ಪ್ರೇಕ್ಷಕರು ಮನೆಗೊಯ್ದದ್ದು ಮಾತ್ರ ತಳಿಯನ್ನು. 2014ರಲ್ಲಿ ಗಿರ್ಲಾಂಡಾ, ಅಚೆರ್ಬಿ, ಹರ್ಜೋಗ್ ಎಂಬ ಮೂವರು ಸಂಶೋಧಕರು ನಾಯಿಗಳಿರುವ 87 ಚಿತ್ರಗಳನ್ನು ಅಮೆರಿಕನ್ ಕೆನಲ್ ಕ್ಲಬ್ಬಿನ ನೋಂದಣಿ ಪುಸ್ತಕದ ಜೊತೆ ಹೋಲಿಸಿ ನೋಡಿದರು. ಚಿತ್ರವೊಂದು ಗೆದ್ದರೆ ಅದರಲ್ಲಿದ್ದ ತಳಿಯ ಬೇಡಿಕೆ ಹತ್ತು ವರ್ಷದವರೆಗೂ ಏರಿಯೇ ಇರಬಹುದು ಎಂದು ಕಂಡರು. ಲ್ಯಾಸಿ ಬಂದ ಎರಡೇ ವರ್ಷದಲ್ಲಿ ಕೋಲಿಯ ನೋಂದಣಿ ಶೇಕಡಾ 40ರಷ್ಟು ಹೆಚ್ಚಿತ್ತು. ಸ್ಕಾಟ್ಲೆಂಡಿನಲ್ಲಿ ಕುರಿ ಕಾಯುತ್ತಿದ್ದ ನಾಯಿ ಹೀಗೆ ಪೇಟೆಯ ಅಂಗಳಕ್ಕೆ ಬಂತು. ಕುರಿಗಾರ ಬರಲಿಲ್ಲ.

ನಮ್ಮ ದೇಶದ ಚಿತ್ರಗಳಿಗೆ ಬರತೀನಿ. ಶಂಕರ್‌ನಾಗ್ ನಟಿಸಿದ 'ತಾಳಿಯ ಭಾಗ್ಯ' 1984ರದು. ಅದೇ ಮರುವರ್ಷ ಹಿಂದಿಯಲ್ಲಿ 'ತೇರಿ ಮೆಹರ್ಬಾನಿಯಾ' ಆಯಿತು. ನಮ್ಮ ಕಡೆ ಹಿಂದಿಯದನ್ನು ನೋಡಿದವರು ಬಹಳ, ಅದರ ಬೇರು ಕನ್ನಡದ್ದು ಅಂದರೆ ನಂಬುವವರು ಕಡಿಮೆ. ಹಿಂದಿಯಲ್ಲಿ ಜಾಕಿ ಶ್ರಾಫ್ ಸಾಯುತ್ತಾನೆ, ಅವನ ನಾಯಿ ಮೋತಿ ಒಬ್ಬೊಬ್ಬರನ್ನೇ ಹುಡುಕಿ ಸೇಡು ತೀರಿಸಿಕೊಳ್ಳುತ್ತದೆ. ಇಲ್ಲಿ ತಳಿಗೆ ಬೆಲೆಯಿಲ್ಲ, ನಿಷ್ಠೆಯೇ ಎಲ್ಲಾ. ಹತ್ತು ವರ್ಷಕ್ಕೆ, 1994ರಲ್ಲಿ, 'ಹಮ್ ಆಪ್ಕೆ ಹೈ ಕೌನ್' ಚಿತ್ರದ ಟಫಿ ಬಂತು. ಅದು ಬಿಳಿ ಇಂಡಿಯನ್ ಸ್ಪಿಟ್ಜ್, ಜನ ಕರೆದದ್ದು ಪಾಮೇರಿಯನ್ ಅಂತ. ಟಫಿ ಸೇಡು ತೀರಿಸುವುದಿಲ್ಲ, ಕ್ರಿಕೆಟ್ಟಿಗೆ ಅಂಪೈರ್ ಆಗುತ್ತದೆ, ಪತ್ರ ಮುಟ್ಟಿಸುತ್ತದೆ. ದೊಡ್ಡ ಮನೆ, ದೊಡ್ಡ ಕುಟುಂಬ, ಅದಕ್ಕೆ ತಕ್ಕ ತೊಳೆದ ನಾಯಿ. ನಾನು ಸಣ್ಣಾಕಿ ಇದ್ದಾಗಲೂ ನಮ್ಮ ಊರಲ್ಲಿ ಎರಡು ಟಫಿ ಇದ್ದವು. ಎರಡೂ ಬೀದಿನಾಯಿ, ಅದರಾಗ ಒಂದು ಕರೇದು.

ಚಾರ್ಲಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಿರ್ದೇಶಕ ಕಿರಣ್‌ರಾಜ್ ಕೆ. ಕಾಸರಗೋಡಿನವರು, ಅಂದರೆ ನಮ್ಮ ಹಾಗೆ ಗಡಿಯಾಚೆಯ ಕನ್ನಡಿಗರು. 69ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಇದು ಅತ್ಯುತ್ತಮ ಕನ್ನಡ ಚಿತ್ರ. ಯಾರೂ ಇಲ್ಲದ ಧರ್ಮ ಎಂಬ ಒರಟನ ಮನೆಗೆ, ತಳಿಗಾರನ ಪಂಜರದಿಂದ ತಪ್ಪಿಸಿಕೊಂಡ ಲ್ಯಾಬ್ರಡಾರ್ ಬಂದು ಸೇರುತ್ತದೆ. ಒಂದೇ ರಕ್ತಸಂಬಂಧದಲ್ಲಿ ಕೂಡಿಸಿ ಕೂಡಿಸಿ ಮರಿ ಮಾಡಿಸಿದ್ದರಿಂದ ಅದಕ್ಕೆ ಕ್ಯಾನ್ಸರ್. ಹಿಮ ನೋಡುವ ಅದರ ಆಸೆ ತೀರಿಸಲು ಧರ್ಮ ಅದನ್ನು ಹಿಮಾಲಯಕ್ಕೆ ಕರೆದೊಯ್ಯುತ್ತಾನೆ. ಧರ್ಮ ಎಂಬ ಹೆಸರು, ಜೊತೆಗೊಂದು ನಾಯಿ, ಹಿಮದ ದಾರಿ: ಮಹಾಪ್ರಸ್ಥಾನಿಕ ಪರ್ವವನ್ನು ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಭಾರತದಲ್ಲಿ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆ ಅನ್ನುವುದು ಧರ್ಮರಾಯನ ನ್ಯಾಯನಿಷ್ಠೆ. ಸಿನಿಮಾದಲ್ಲಿ ಅದು ಒಂಟಿತನದ ಮದ್ದು.

ಈ ಚಿತ್ರ ತಳಿ ವ್ಯಾಪಾರವನ್ನು ನೇರವಾಗಿ ಖಂಡಿಸುತ್ತದೆ, ಅದು ಸಣ್ಣ ಮಾತಲ್ಲ. ಆದರೂ ಖಂಡಿಸಲು ಆರಿಸಿಕೊಂಡ ಮುಖ ಲ್ಯಾಬ್ರಡಾರಿನದು. ಜೋಲುಕಿವಿ, ದುಂಡುಗಣ್ಣು, ಕ್ಯಾಮೆರಾ ಕಡೆ ತಿರುಗಿ ನಿಲ್ಲುವ ಗುಣ. ಆ ನಾಯಿಯೂ ಮೂಲದಲ್ಲಿ ದುಡಿಯುವ ನಾಯಿಯೇ. ಅದರ ಪೂರ್ವಜರು ನ್ಯೂಫೌಂಡ್‌ಲೆಂಡಿನ ಮೀನುಗಾರರ ಜೊತೆ ತಣ್ಣೀರಿಗೆ ಹಾರುತ್ತಿದ್ದವು, ಆಮೇಲೆ ಇಂಗ್ಲೆಂಡಿನ ಸಿರಿವಂತರು ಹೊಡೆದ ಹಕ್ಕಿಯನ್ನು ಕಚ್ಚಿ ತರಲು ಅದನ್ನು ತಿದ್ದಿದರು. ಸಿನಿಮಾಕ್ಕೆ ಬರುವ ಹೊತ್ತಿಗೆ ಅದಕ್ಕೆ ಉಳಿದ ಕೆಲಸ ಒಂದೇ, ಪ್ರೀತಿಸುವುದು.

ಈಗ ಮಾಮಾನ ನಾಯಿಗಳು. ಗುರುಗಳೆ, ಇಲ್ಲಿ ಸ್ವಲ್ಪ ದಾರಿ ಬಿಡತೀನಿ. ಉದ್ದ ಮೋರೆ, ಇಳಿದ ಎದೆ, ಒಳಗೆ ಸೇದಿದ ಹೊಟ್ಟೆ. ವಾಸನೆಯಿಂದಲ್ಲ, ಕಣ್ಣಿನಿಂದ ಬೇಟೆ ಹಿಡಿಯುವ ಜಾತಿ. ಪರಕೀಯರು ಮುಟ್ಟಿದರೆ ಸರಿದು ನಿಲ್ಲುತ್ತದೆ. ಕರ್ನಾಟಕದಲ್ಲಿ ಇದು ಮುಧೋಳ ನಾಯಿ. ಘೋರ್ಪಡೆ ಮನೆತನದ ರಾಜಾ ಮಾಲೋಜಿರಾವ್ ಇಂಗ್ಲೆಂಡಿಗೆ ಒಯ್ದು ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟ ಕಥೆಯನ್ನು ಮುಧೋಳದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಇದರ ಚೀಟಿ ತಂದಿತು, 2016ರಲ್ಲಿ ಸೈನ್ಯ ಇದನ್ನು ಮೀರತ್ತಿಗೆ ತರಬೇತಿಗೆ ಒಯ್ದಿತು. ಗಡಿ ದಾಟಿ ಮಹಾರಾಷ್ಟ್ರಕ್ಕೆ ಬಂದರೆ ಅದೇ ನಾಯಿ ಕಾರವಾನಿ, ಮೈಮೇಲೆ ಕೂದಲಿದ್ದರೆ ಪಶ್ಮಿ. ಕೆನಲ್ ಕ್ಲಬ್ಬುಗಳಲ್ಲೂ ಒಮ್ಮತವಿಲ್ಲ. ಒಂದು ಕ್ಲಬ್ಬು ಕ್ಯಾರವಾನ್ ಹೌಂಡ್ ಅಂತ ಬರೆದುಕೊಳ್ಳುತ್ತದೆ, ಇನ್ನೊಂದು ಮುಧೋಳ ಹೌಂಡ್ ಅಂತ.

ಜತ್ತವೂ ಮುಧೋಳವೂ 1948ರವರೆಗೆ ಸಂಸ್ಥಾನಗಳು. ಆ ವರ್ಷ ಎರಡೂ ಮುಂಬೈ ಪ್ರಾಂತಕ್ಕೆ ಸೇರಿದವು. 1956ರಲ್ಲಿ ಬಿಜಾಪುರ ಜಿಲ್ಲೆಯ ಜೊತೆ ಮುಧೋಳ ಮೈಸೂರು ರಾಜ್ಯಕ್ಕೆ ಹೋಯಿತು, ಜತ್ತ ಇಲ್ಲೇ ಉಳಿಯಿತು. ನಮಗೆ ಎರಡು ಶಾಲೆ, ಎರಡು ಪಾಠಪುಸ್ತಕ ಬಂದ ಹಾಗೆ ನಾಯಿಗೂ ಎರಡು ಹೆಸರು ಗಟ್ಟಿಯಾದವು. ಇನ್ನೊಂದು ಮಾತು. ಹೆಸರಿನಲ್ಲಿ ಉಳಿದದ್ದು ರಾಜಧಾನಿ, ನಾಯಿಯನ್ನು ತಲೆಮಾರುಗಟ್ಟಲೆ ಸಾಕಿದ ಬೇಡರಾಗಲಿ ಕುರುಬರಾಗಲಿ ಅಲ್ಲ. ಆಯುಧ ಕಿತ್ತುಕೊಳ್ಳುವ ಬ್ರಿಟಿಷರ ಕಾಯ್ದೆಗೆ 1857ರಲ್ಲಿ ತಿರುಗಿಬಿದ್ದ ಹಲಗಲಿಯ ಬೇಡರು ಇದೇ ಮುಧೋಳ ಸೀಮೆಯವರು. ಅವರ ಲಾವಣಿ ನಮ್ಮ ಪಠ್ಯದಲ್ಲಿದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಮೊಲದ ಬೇಟೆಯೂ ಅಪರಾಧ. ಕಾಯ್ದೆ ಬೇಡಿತ್ತು ಅನ್ನುತ್ತಿಲ್ಲ. ಆದರೆ ಓಡಲೆಂದೇ ಹುಟ್ಟಿದ ನಾಯಿಯ ಜೊತೆಗಿನ ಪ್ರೀತಿಯನ್ನು ಬಾಯಿಬಿಟ್ಟು ಹೇಳಿದರೆ ಪೊಲೀಸರ ಭಯ ಎನ್ನುವ ಹಾಗಾಯಿತು. ಇಂಥ ಮನುಷ್ಯ ಸಿನಿಮಾದ ನಾಯಕನಾಗುವುದು ಕಷ್ಟ.

ಆಗಿರುವ ಚಿತ್ರ ನಾನು ನೋಡಿದ್ದರಲ್ಲಿ ಒಂದೇ, ಮಾರಿ ಸೆಲ್ವರಾಜ್ ಅವರ ತಮಿಳು ಚಿತ್ರ 'ಪರಿಯೇರುಂ ಪೆರುಮಾಳ್', 2018ರದು. ತಿರುನೆಲ್ವೇಲಿ ಸೀಮೆ. ದಲಿತ ಹುಡುಗರು ಬೇಟೆನಾಯಿಗಳನ್ನು ನೀರಲ್ಲಿ ತೊಳೆಯುವುದರಿಂದ ಚಿತ್ರ ಶುರುವಾಗುತ್ತದೆ. ಕರುಪ್ಪಿ ಕರೇ ಬಣ್ಣದ ನಾಟಿ ನಾಯಿ, ಚಿಪ್ಪಿಪಾರೈ ಬೆರಕೆ. ಸ್ವಲ್ಪ ಹೊತ್ತಿಗೇ ಮೇಲ್ಜಾತಿಯವರು ಅದನ್ನು ರೈಲು ಹಳಿಗೆ ಕಟ್ಟಿ ಕೊಲ್ಲಿಸುತ್ತಾರೆ. ಊರವರು ಮನೆಯವರೇ ಸತ್ತ ಹಾಗೆ ಹಾಡಿ ಅತ್ತು ಮಣ್ಣು ಮಾಡುತ್ತಾರೆ. ಮುಂದೆ ನಾಯಕನೇ ಹಳಿಯ ಮೇಲೆ ಬಿದ್ದಾಗ ಎಬ್ಬಿಸಲು ಬರುವುದು ಸತ್ತ ಕರುಪ್ಪಿಯೇ. ಇಲ್ಲಿ ಯಾರೂ ನಾಯಿಗೆ ಮುತ್ತಿಡುವುದಿಲ್ಲ. ನಾಯಿಗೆ ಆದದ್ದು ನಾಯಿ ಸಾಕಿದವರಿಗೂ ಆಗುತ್ತದೆ, ಪ್ರೀತಿ ಅಂದರೆ ಅಲ್ಲಿ ಅಷ್ಟು. ಮಾಮಾಗೆ ಈ ಚಿತ್ರ ತೋರಿಸಿದಾಗ ಅವರು ಹಳಿಯ ದೃಶ್ಯಕ್ಕೆ ಎದ್ದು ಹೊರಗೆ ಹೋದರು.

ಇಂಥ ಸಂಬಂಧ ಕನ್ನಡಕ್ಕೆ ಹೊಸದಲ್ಲ. ಕ್ರಿ.ಶ. 949-50ರ ಆತಕೂರು ಶಾಸನದಲ್ಲಿ ಒಂದು ನಾಯಿಯ ಹೆಸರಿದೆ, ಕಾಳಿ. ತಕ್ಕೋಲದ ಯುದ್ಧದಲ್ಲಿ ಗೆದ್ದ ಮಣಲೇರನಿಗೆ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಗಂಗರ ಬೂತುಗನ ಆ ನಾಯಿಯನ್ನು. ಕಾಳಿ ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಮಣಲೇರ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಗೊರವ ಉಣ್ಣಬಾರದು ಎಂಬ ಕಟ್ಟಳೆಯೂ ಇದೆ. ಕಲ್ಲಿನ ಮೇಲೆ ನಾಯಿ ಹಂದಿಯ ಮೇಲೆ ಎರಗಿರುವ ಶಿಲ್ಪವಿದೆ. ನಾಯಿಯನ್ನು ಅದರ ಕೆಲಸದಲ್ಲೇ ತೋರಿಸಿದ ಚಿತ್ರ ಅದು. ಒಡೆಯನ ಮುಖ ಅಲ್ಲಿ ಬೇಕಾಗಲಿಲ್ಲ.

ಸಮಯ ಆಯ್ತು ಅಂತ ಚಾಟಿನಲ್ಲಿ ಬಂದಿದೆ. ಒಬ್ಬರು ಪ್ರಶ್ನೆಯನ್ನೂ ಹಾಕಿದ್ದಾರೆ: ನಿಮ್ಮ ಮಾಮಾ ಹತ್ತಿರ ಈಗ ಎಷ್ಟು ನಾಯಿ ಇವೆ? ಒಂದು. ಕಳೆದ ವರ್ಷ ಮಳೆ ಕೈಕೊಟ್ಟಾಗ ಎರಡನ್ನು ಮಾರಿದರು. ಕೊಳ್ಳುವವರು ಫೋನಿನಲ್ಲಿ ಮೊದಲು ಕೇಳಿದ್ದು ಅದು ಮುಧೋಳವೋ ಕಾರವಾನಿಯೋ ಅಂತ. ಯಾವುದಕ್ಕೆ ರೇಟ್ ಹೆಚ್ಚು ಅಂತ ಮಾಮಾ ನನ್ನನ್ನು ಕೇಳಿದರು, ನಾನು ಮೊಬೈಲಿನಲ್ಲಿ ನೋಡಿ ಮುಧೋಳ ಅಂತ ಹೇಳಿಕೊಟ್ಟೆ. ಈ ಪ್ರಬಂಧ ಬರೆಯುವಾಗ ಆ ಮಾತು ನನ್ನನ್ನು ಬಹಳ ಚುಚ್ಚಿದೆ. ಕೊಂಡವರು ಒಳ್ಳೆಯವರು, ಪುಣೆಯಿಂದ ತಿಂಗಳಿಗೊಮ್ಮೆ ವಿಡಿಯೋ ಕಳಿಸುತ್ತಾರೆ. ಸೋಫಾದ ಮೇಲೆ ನಾಯಿ, ಮೈಮೇಲೆ ಕೆಂಪು ಸ್ವೆಟರ್, ಹಿಂದೆ ಹಿಂದಿ ಹಾಡು. ಮಾಮಾ ಅದನ್ನು ಧ್ವನಿ ತೆಗೆದು ಎರಡು ಮೂರು ಸಲ ನೋಡುತ್ತಾರೆ. ಮೊನ್ನೆ ನೋಡಿ ನನ್ನ ಕೈಗೆ ಮೊಬೈಲ್ ಕೊಟ್ಟು ಕೇಳಿದರು: "ತೊಡಿ ನೋಡವ್ವಾ ಅದರದು, ಎಷ್ಟ ಮೆತ್ತಗಾಗ್ಯಾವ. ಅಲ್ಲಿ ಅದನ್ನ ಓಡಸವರು ಯಾರೂ ಇಲ್ಲೇನು?"