ಸ್ಕ್ಯಾನರ್ ಕೊಳ್ಳುವ ಮೊದಲು ಸ್ಲೈಡಿನ ಚರಿತ್ರೆ

1957ನೆಯ ಇಸವಿಯಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಸಂಸ್ಥೆಯಲ್ಲಿ ರಸೆಲ್ ಕಿರ್ಶ್ ಮತ್ತು ಅವರ ಸಂಗಡಿಗರು ಛಾಯಾಚಿತ್ರವನ್ನು ಓದಿ ಗಣಕಯಂತ್ರಕ್ಕೆ ಒಪ್ಪಿಸುವ ಉಪಕರಣವೊಂದನ್ನು ರಚಿಸಿದರು. ಅದು ಮೊಟ್ಟಮೊದಲು ಓದಿದ್ದು ಯಾವ ರಾಷ್ಟ್ರನಾಯಕನ ಚಿತ್ರವನ್ನೂ ಅಲ್ಲ. ಕಿರ್ಶ್ ಅವರ ಮೂರು ತಿಂಗಳ ಮಗನ ಚಿತ್ರವನ್ನು. ಅಡ್ಡಕ್ಕೆ 176, ಉದ್ದಕ್ಕೆ 176 ಬಿಂದುಗಳು. ಚಿತ್ರದ ಅಳತೆ ಐದು ಸೆಂಟಿಮೀಟರ್ ಚೌಕ. ನಮ್ಮ ಮನೆಗಳ ಅಟ್ಟದಲ್ಲಿರುವ ಸ್ಲೈಡುಗಳ ರಟ್ಟಿನ ಚೌಕಟ್ಟೂ ಐದು ಸೆಂಟಿಮೀಟರ್ ಚೌಕವೇ. ಇದು ಕಾಕತಾಳೀಯವಷ್ಟೆ. ಆದರೆ ಸ್ಕ್ಯಾನರಿನ ಚರಿತ್ರೆ ಮನೆಯ ಕೂಸಿನಿಂದ ಆರಂಭವಾಯಿತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

'ಮೇಷ್ಟ್ರೇ, ಅಪ್ಪನ ಕಾಲದ ಸ್ಲೈಡುಗಳಿವೆ, ಯಾವ ಸ್ಕ್ಯಾನರ್ ಕೊಳ್ಳಲಿ?' ಎಂದು ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಆಗಾಗ ಕೇಳುತ್ತಾರೆ. ಯಂತ್ರದ ಮಾತು ಅನಂತರ, ಮೊದಲು ಫಿಲ್ಮು ಯಾವುದೆಂದು ನೋಡಿ ಎನ್ನುವುದು ನನ್ನ ಉತ್ತರ. ಆಕರವನ್ನು ಪರೀಕ್ಷಿಸದೆ ಇತಿಹಾಸ ಬರೆಯಬಾರದೆಂದು ತರಗತಿಯಲ್ಲಿ ಹೇಳುತ್ತಿದ್ದುದು ಇಲ್ಲಿಗೂ ಸಲ್ಲುತ್ತದೆ.

1965ರಲ್ಲಿ ಅಮೆರಿಕದ ವಲಸೆ ಕಾಯಿದೆ ಬದಲಾದ ಮೇಲೆ ನಮ್ಮ ಕಡೆಯಿಂದಲೂ ವೈದ್ಯರು, ಎಂಜಿನಿಯರುಗಳು ಅಲ್ಲಿಗೆ ಹೋದರು. ಅವರು ತೆಗೆದ ಸ್ಲೈಡುಗಳಲ್ಲಿ ಕೊಡಾಕ್ರೋಮ್ ಸಾಕಷ್ಟಿದೆ. 1961ರಲ್ಲಿ ಮಾರುಕಟ್ಟೆಗೆ ಬಂದ ಕೊಡಾಕ್ ಕರೂಸೆಲ್ ಪ್ರೊಜೆಕ್ಟರಿನ ದುಂಡನೆಯ ತಟ್ಟೆಯಲ್ಲಿ 80 ಸ್ಲೈಡು ಹಿಡಿಯುತ್ತಿದ್ದವು. ಅವರು ರಜೆಗೆ ಬಂದಾಗ ನಡುಮನೆಯ ಗೋಡೆಗೆ ಬಿಳಿಯ ಪಂಚೆ ಕಟ್ಟಿ ನಯಾಗರ ಜಲಪಾತವನ್ನು ನೋಡಿದವರು ನಿಮ್ಮಲ್ಲಿಯೂ ಇರಬಹುದು. ಇತ್ತ ಊರಿನಲ್ಲಿದ್ದವರಿಗೆ ಪೂರ್ವ ಜರ್ಮನಿಯ ವೋಲ್ಫೆನ್ ಪಟ್ಟಣದಲ್ಲಿ ತಯಾರಾದ ಓರ್ವೋ ಫಿಲ್ಮು ಸಿಗುತ್ತಿತ್ತು. ಹೀಗೆ ಒಂದೇ ಕುಟುಂಬದ ಪೆಟ್ಟಿಗೆಯಲ್ಲಿ ಎರಡು ಬಣಗಳ ರಸಾಯನಶಾಸ್ತ್ರ ಸೇರಿಕೊಂಡಿತು.

ಇವುಗಳ ವ್ಯತ್ಯಾಸವೇ ಮುಖ್ಯ. ಕೊಡಾಕ್ರೋಮನ್ನು ಕಂಡುಹಿಡಿದ ಲಿಯೋಪೋಲ್ಡ್ ಮ್ಯಾನ್ಸ್ ಮತ್ತು ಲಿಯೋಪೋಲ್ಡ್ ಗಾಡೋಸ್ಕಿ ಇಬ್ಬರೂ ಸಂಗೀತಗಾರರು. ಒಬ್ಬರು ಪಿಯಾನೋ, ಮತ್ತೊಬ್ಬರು ಪಿಟೀಲು. 1935ರಲ್ಲಿ ಚಲನಚಿತ್ರಕ್ಕೂ ಮರುವರ್ಷ ಸ್ಥಿರಚಿತ್ರಕ್ಕೂ ಬಂದ ಆ ಫಿಲ್ಮಿನ ಪದರಗಳಲ್ಲಿ ಬಣ್ಣವನ್ನು ಉಂಟುಮಾಡುವ ದ್ರವ್ಯವೇ ಇರಲಿಲ್ಲ. ಅದನ್ನು ಸಂಸ್ಕರಣೆಯ ವೇಳೆಯಲ್ಲಿ ಹೊರಗಿನಿಂದ ಸೇರಿಸಬೇಕಿತ್ತು. 1936ರಲ್ಲಿ ಬಂದ ಹೊಸ ಆಗ್ಫಾಕಲರ್, ಅದೇ ವೋಲ್ಫೆನ್ ಕಾರ್ಖಾನೆಯದು, ಆ ದ್ರವ್ಯವನ್ನು ಫಿಲ್ಮಿನೊಳಗೇ ಅಡಗಿಸಿತು. ಎಕ್ಟಾಕ್ರೋಮ್, ಓರ್ವೋ ಮೊದಲಾದವು ಈ ಎರಡನೆಯ ಕುಲದವು. ಇವನ್ನು ಸಂಸ್ಕರಿಸುವುದು ಸುಲಭ. ಬಣ್ಣ ಉಳಿಯುವುದು ಕಷ್ಟ. 1950, 60ರ ದಶಕಗಳ ಎಕ್ಟಾಕ್ರೋಮಿನಲ್ಲಿ ನೀಲಿಹಸಿರು ಕ್ಷೀಣಿಸಿ ಮದುವೆಯ ಮಂಟಪವೆಲ್ಲ ಕೆಂಪಡರಿರುವುದನ್ನು ಕಾಣಬಹುದು. ಕತ್ತಲೆಯಲ್ಲಿಟ್ಟ ಕೊಡಾಕ್ರೋಮ್ ಮಾತ್ರ ಅರ್ಧ ಶತಮಾನ ಕಳೆದರೂ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಪ್ರೊಜೆಕ್ಟರಿನ ಬೆಳಕಿನಲ್ಲಿ ಮತ್ತೆ ಮತ್ತೆ ತೋರಿಸಿದರೆ ಅದರ ಬಣ್ಣವೇ ಬೇಗ ಮಾಸುತ್ತದೆಂಬುದು ವಿಚಿತ್ರ. ಆದುದರಿಂದ ಕಡೆಯ ಸಲ ನೋಡೋಣವೆಂದು ಪ್ರೊಜೆಕ್ಟರ್ ಹೊತ್ತಿಸಬೇಡಿ.

ಸ್ಕ್ಯಾನರಿನ ಆಯ್ಕೆಗೂ ಈ ಕುಲಭೇದವೇ ಆಧಾರ. ಉತ್ತಮ ಫಿಲ್ಮ್ ಸ್ಕ್ಯಾನರುಗಳಲ್ಲಿ ಡಿಜಿಟಲ್ ಐಸ್ ಎಂಬ ಸೌಲಭ್ಯವಿರುತ್ತದೆ. ಯಂತ್ರವು ಸ್ಲೈಡಿನ ಮೂಲಕ ಅವಕೆಂಪು ಕಿರಣವನ್ನೂ ಹಾಯಿಸುತ್ತದೆ. ಸಾಮಾನ್ಯ ಬಣ್ಣದ ಫಿಲ್ಮಿನ ವರ್ಣಗಳು ಆ ಕಿರಣಕ್ಕೆ ಪಾರದರ್ಶಕ. ಧೂಳು ಮತ್ತು ಗೀರು ತಡೆಯುತ್ತವೆ. ತಡೆಯಾದಲ್ಲೆಲ್ಲ ತೇಪೆ ಹಾಕಿದರಾಯಿತು. ಆದರೆ ಕೊಡಾಕ್ರೋಮಿನ ನೀಲಿಹಸಿರು ವರ್ಣವೂ ಅವಕೆಂಪನ್ನು ಸ್ವಲ್ಪ ತಡೆಯುತ್ತದೆ. ಆಗ ಯಂತ್ರವು ಅಜ್ಜಿಯ ಸೀರೆಯ ಕಡುಗಪ್ಪು ಅಂಚನ್ನೇ ಧೂಳೆಂದು ಬಗೆದು ತೀಡಿಬಿಡಬಹುದು. ಕಪ್ಪುಬಿಳುಪು ಫಿಲ್ಮಿನ ಬೆಳ್ಳಿಯಂತೂ ಕಿರಣವನ್ನೇ ಬಿಡದು. ಅಲ್ಲಿ ಈ ಸೌಲಭ್ಯವನ್ನು ಬಳಸುವಂತೆಯೇ ಇಲ್ಲ.

ನಿಕಾನ್ ಸಂಸ್ಥೆಯ ಕೂಲ್‌ಸ್ಕ್ಯಾನ್ 9000 ಈ ತೊಡಕನ್ನೂ ಬಹುಮಟ್ಟಿಗೆ ನಿವಾರಿಸಿತ್ತು. 2010ರ ಹೊತ್ತಿಗೆ ಅದರ ತಯಾರಿಕೆ ನಿಂತಿತು. ಕೋನಿಕಾ ಮಿನೋಲ್ಟಾ 2006ರಲ್ಲಿಯೇ ಛಾಯಾಗ್ರಹಣ ವ್ಯವಹಾರದಿಂದ ಹಿಂದೆ ಸರಿದಿತ್ತು. ಜಗತ್ತಿನ ಮನೆಗಳಲ್ಲಿ ಸ್ಲೈಡುಗಳು ಇನ್ನೂ ರಾಶಿ ಬಿದ್ದಿರುವಾಗಲೇ ಅವನ್ನು ಓದುವ ಒಳ್ಳೆಯ ಯಂತ್ರಗಳು ಮರೆಯಾದವು. ಹಳೆಯ ಕೂಲ್‌ಸ್ಕ್ಯಾನುಗಳು ಕೈಬದಲಾಗಿ ಸಿಗುವುದುಂಟು. ಬಿಡಿಭಾಗ ಸಿಗುವುದು ಕಷ್ಟ, ತಂತ್ರಾಂಶಕ್ಕೆ ವ್ಯೂಸ್ಕ್ಯಾನ್‌ನಂಥದನ್ನು ಬೇರೆಯಾಗಿ ಕೊಳ್ಳಬೇಕು. ರಿಪೇರಿಯ ಗೊಡವೆ ಬೇಡವೆನ್ನುವವರಿಗೆ ನಾನು ಅದನ್ನು ಸೂಚಿಸಲಾರೆ.

ಕೆಲವು ನೂರು ಸ್ಲೈಡುಗಳಿದ್ದರೆ ಪ್ಲಸ್ಟೆಕ್‌ನಂತಹ, ಅವಕೆಂಪು ಸೌಲಭ್ಯವುಳ್ಳ ಪ್ರತ್ಯೇಕ ಫಿಲ್ಮ್ ಸ್ಕ್ಯಾನರೇ ಮೇಲು. ಒಂದೊಂದಾಗಿ ಇಡಬೇಕು, ತಾಳ್ಮೆ ಬೇಕು. ಸಾವಿರಗಟ್ಟಲೆಯಿದ್ದರೆ ಮ್ಯಾಕ್ರೋ ಮಸೂರದ ಕ್ಯಾಮೆರಾದಿಂದ ಪ್ರತಿ ತೆಗೆಯುವುದು ಬೇಗ ಮುಗಿಯುತ್ತದೆ. ಪೆಟ್ಟಿಗೆಯ ಮೇಲೆ 6400, 7200 ಎಂದು ಮುದ್ರಿಸಿದ್ದನ್ನು ನಂಬಬೇಡಿ. ಹಲವು ಯಂತ್ರಗಳು ನಿಜವಾಗಿ ಬಿಡಿಸಿ ತೋರುವುದು ಅದರಲ್ಲಿ ಅರ್ಧವನ್ನೂ ಅಲ್ಲ. ಪ್ರಾಮಾಣಿಕವಾದ 4000 ಸಾಕು: 24 × 36 ಮಿಲಿಮೀಟರಿನ ಚಿತ್ರದಿಂದ ಎರಡು ಕೋಟಿಗೂ ಮೀರಿದ ಬಿಂದುಗಳು ದೊರೆಯುತ್ತವೆ. ಕಿರ್ಶ್ ಅವರ ಮಗನ ಪಾಲಿಗೆ ಬಂದದ್ದು 30,976.

ಮಲೆನಾಡು, ಕರಾವಳಿಯ ಮನೆಗಳಲ್ಲಿದ್ದ ಸ್ಲೈಡುಗಳಿಗೆ ಬೂಷ್ಟು ಹಿಡಿದಿರುತ್ತದೆ. ನೀರಿನ ಬಟ್ಟೆಯಿಂದ ಒರೆಸಲೇಬಾರದು. ಬೂಷ್ಟು ತಿಂದ ಜೆಲಟಿನ್ ಪದರ ನೀರಿಗೆ ಕರಗಿ ಚಿತ್ರವೇ ಕಿತ್ತುಬರುತ್ತದೆ. ಧೂಳಿಗೆ ಕೈಯಲ್ಲಿ ಒತ್ತುವ ಗಾಳಿಬುರುಡೆ ಸಾಕು.

ಸ್ಕ್ಯಾನ್ ಆಯಿತೆಂದು ಮೂಲವನ್ನು ಕಸಕ್ಕೆ ಹಾಕುವವರನ್ನು ಕಂಡಿದ್ದೇನೆ. ಕೊಡಾಕ್ರೋಮಿನ ಮಟ್ಟಿಗೆ ಅದು ಅನ್ಯಾಯ. 2009ರ ಜೂನ್‌ನಲ್ಲಿ ಕೊಡಾಕ್ ಅದನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಸಂಸ್ಕರಿಸುತ್ತಿದ್ದ ಕಟ್ಟಕಡೆಯ ಪ್ರಯೋಗಾಲಯ, ಕ್ಯಾನ್ಸಸ್ ರಾಜ್ಯದ ಪಾರ್ಸನ್ಸ್ ಊರಿನ ಡ್ವೇನ್ಸ್ ಫೋಟೋ, 2010ರ ಡಿಸೆಂಬರ್ 30ರ ವರೆಗೆ ಮಾತ್ರ ಸುರುಳಿಗಳನ್ನು ಸ್ವೀಕರಿಸಿತು. ಕೈಯಲ್ಲಿರುವ ಸ್ಲೈಡು ಕಡತಕ್ಕಿಂತ ಹೆಚ್ಚು ಕಾಲ ಬಾಳಬಹುದು.

ರಟ್ಟಿನ ಚೌಕಟ್ಟನ್ನೂ ಎರಡೂ ಬದಿ ಚಿತ್ರ ತೆಗೆದಿಡಿ. ಅದರ ಮೇಲೆ ಒತ್ತಿರುವ ತಿಂಗಳು, ಇಸವಿ ಫಿಲ್ಮು ಸಂಸ್ಕಾರಗೊಂಡದ್ದು, ಚಿತ್ರ ತೆಗೆದದ್ದಲ್ಲ. ಕ್ಯಾಮೆರಾದಲ್ಲಿ ಸುರುಳಿ ಮುಗಿಯಲು ವರ್ಷ ಹಿಡಿದ ಮನೆಗಳೂ ಇದ್ದವು. ಚಿತ್ರದಲ್ಲಿರುವವರು ಯಾರೆಂಬುದನ್ನು ಹೇಳಬಲ್ಲ ಅತ್ತೆಯರೂ ದೊಡ್ಡಪ್ಪಂದಿರೂ ಎಂಬತ್ತು ದಾಟಿದ್ದಾರೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೆಸರುಗಳನ್ನು ಪೆನ್ಸಿಲಿನಿಂದ ರಟ್ಟಿನ ಮೇಲೆ ಬರೆದುಕೊಳ್ಳಿ. ಈ ಕೆಲಸ ಸ್ಕ್ಯಾನರ್ ಬರುವ ಮೊದಲೇ ಆಗಬಹುದು.